ಮಂಡಿಪೇಟೆಯ ಲವಂಗದ ಎಣ್ಣೆ, ಚರ್ಮದ ಬೂಷ್ಟಿಗೆ

ತುಮಕೂರಿನಲ್ಲಿ ಎತ್ತುಗಳ ಗೆಜ್ಜೆ ಪಟ್ಟಿ, ಬೆಲ್ಟು, ಚಪ್ಪಲಿ ಹೊಲಿಯುವುದು ನನ್ನ ಕೆಲಸ. ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ದನಗಳ ಜಾತ್ರೆಗೆ ಮಾಲು ಬೇಕೆಂದರೆ ಮಳೆಗಾಲದಲ್ಲೇ ಹೊಲಿದು ಇಡಬೇಕು. ನಮ್ಮ ಕಡೆ ಮಳೆ ಜಾಸ್ತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೂಷ್ಟು ಹಿಡಿಯುವುದೂ ಆಗಲೇ. ತೊಗಟೆಯಲ್ಲಿ ಹದ ಮಾಡಿದ ಚರ್ಮ ತೇವ ಎಳೆದುಕೊಳ್ಳುತ್ತದೆ, ಅಲ್ವಾ?

ಈ ಬೂಷ್ಟು ತಡೆಯಲು ಮಂಡಿಪೇಟೆಯ ಗ್ರಂಧಿಗೆ ಅಂಗಡಿಯೊಂದರಲ್ಲಿ ಲವಂಗದ ಎಣ್ಣೆ ತರುತ್ತೇನೆ. ನನಗೆ ನಂಬಿಕೆ ಬಂದದ್ದು ಯಜಮಾನರು ಲೋಟದ ನೀರಿಗೆ ಒಂದು ಹನಿ ಬಿಟ್ಟು ತೋರಿಸಿದಾಗ. ಹನಿ ತಳಕ್ಕೆ ಇಳಿಯಿತು. ಲವಂಗದ ಎಣ್ಣೆ ನೀರಿಗಿಂತ ಭಾರ. ಹಗುರ ಎಣ್ಣೆ ಜಾಸ್ತಿ ಬೆರೆಸಿದ್ದರೆ ತೇಲುತ್ತದೆ. ನೀವೂ ಹೀಗೇ ನೋಡಿ ಕೊಳ್ಳಿ.

100 ಮಿ.ಲೀ. ಹರಳೆಣ್ಣೆಗೆ 1 ಮಿ.ಲೀ. ಲವಂಗದ ಎಣ್ಣೆ ಬೆರೆಸಿ, ಒಣಗಿದ ಚರ್ಮಕ್ಕೆ ಬಟ್ಟೆಯಿಂದ ತೆಳ್ಳಗೆ ಉಜ್ಜುತ್ತೇನೆ. ಲವಂಗದಲ್ಲಿರುವ ಯೂಜೆನಾಲ್ ಬೂಷ್ಟಿನ ಜೀವಕೋಶದ ಪೊರೆಯನ್ನೇ ಕೆಡಿಸುತ್ತದೆ. ಓಮದ ಥೈಮಾಲ್‌ಗೂ ಈ ಗುಣ ಇದೆ. ಉಜ್ಜಿ ಇಟ್ಟ ಪಟ್ಟಿಗಳು ಮಳೆಗಾಲ ಪೂರ್ತಿ ಚೆನ್ನಾಗಿದ್ದವು. ಉಜ್ಜದೆ ಅದೇ ಮೂಲೆಯಲ್ಲಿ ಬಿಟ್ಟ ತುಂಡಿಗೆ ಹಸಿರು ಬೂಷ್ಟು ಬಂತು.

ಆದರೆ ಲವಂಗದ ಎಣ್ಣೆ ಹಾರಿಹೋಗುವಂಥದ್ದು. ವಾಸನೆ ತಗ್ಗಿತೆಂದರೆ ಶಕ್ತಿಯೂ ತಗ್ಗಿತು, ಮತ್ತೆ ಉಜ್ಜಬೇಕು. ತಿಳಿ ಬಣ್ಣದ ಚರ್ಮ ಕಪ್ಪಾಗುತ್ತದೆ, ಮೊದಲು ಒಳಬದಿಯಲ್ಲಿ ಪರೀಕ್ಷಿಸಿ. ನೇರವಾಗಿ ತಾಗಿದರೆ ಕೈ ಉರಿಯುತ್ತದೆ, ಗ್ಲೌಸ್ ಬೇಕು. ಆಗಲೇ ಬೂಷ್ಟು ಹಿಡಿದಿದ್ದರೆ ಹೊರಗೆ ಬ್ರಷ್ ಮಾಡಿ, ನೆರಳಲ್ಲಿ ಒಣಗಿಸಿ, ಆಮೇಲೆ ಹಚ್ಚಿ. ಸುಮ್ನೆ ಮೇಲೆ ಸುರಿದರೆ ಪ್ರಯೋಜನವಿಲ್ಲ.

ದೊಡ್ಡ ಟ್ಯಾನರಿಗಳ ಮಾತು ಬೇರೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿ ಇನ್ನೂ ಒಣಗಿಸದ ನೀಲಿ ತೊಗಲಿನಲ್ಲಿ (ವೆಟ್ ಬ್ಲೂ) ಅರ್ಧಕ್ಕಿಂತ ಜಾಸ್ತಿ ನೀರೇ. ಅದಕ್ಕೆ ಬೂಷ್ಟು ಬರದಂತೆ ಟಿಸಿಎಂಟಿಬಿ ಎಂಬಂಥ ಬೂಷ್ಟುನಾಶಕ ರಾಸಾಯನಿಕ ಹಾಕುತ್ತಾರೆ. ಅದು ಕೆಲಸಗಾರರ ಮೈಗೆ ಅಲರ್ಜಿ ತರಬಲ್ಲದು, ಹೊಳೆ ಕೆರೆ ಸೇರಿದರೆ ಮೀನಿಗೆ ವಿಷ. ಗಿಡಮೂಲದ ಎಣ್ಣೆ ಅಲ್ಲಿಗೂ ಬರಲಿ ಎಂದು ನನಗೆ ತುಂಬಾ ಆಸೆ. ಆದರೆ ನೀರಲ್ಲಿ ಕರಗದ ಕಾರಣ ಅದನ್ನು ಎಮಲ್ಷನ್ (ನೀರಲ್ಲಿ ಸಣ್ಣ ಹನಿಗಳಾಗಿ ಬೆರೆತ ಹಾಲಿನಂಥ ದ್ರವ) ಮಾಡಿ ಹಾಕಬೇಕಾಗುತ್ತದೆ, ಖರ್ಚೂ ಜಾಸ್ತಿ.

ಈ ಅಂಗಡಿಯ ಮೇಲೆ ನನ್ನ ದೂರು ಒಂದೇ. ಎಣ್ಣೆಯನ್ನು ಪ್ಲಾಸ್ಟಿಕ್ ಸೀಸೆಯಲ್ಲಿ ಕೊಡುತ್ತಾರೆ. ಯೂಜೆನಾಲ್ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಕಂದು ಗಾಜಿನ ಸೀಸೆ ಕೇಳಿದರೆ ಒಳಗಿಂದ ತಂದು ಕೊಡುತ್ತಾರೆ, ಕೇಳಿಯೇ ತೆಗೆದುಕೊಳ್ಳಿ.