ಲಾಡ್ಜು, ಗಾಜಿನ ಹೋಟೆಲು, ತೊಟ್ಟಿಮನೆ: ಬೀಗರನ್ನು ಎಲ್ಲಿ ಇಳಿಸೋದು?

ನಮ್ಮ ಶಿವಮೊಗ್ಗದ ಕಡೆ ಹೋಟ್ಲು ಅಂದರೆ ಕಾಫಿ-ತಿಂಡಿಯ ಜಾಗ. ಮಲಗುವುದಕ್ಕೆ ಲಾಡ್ಜು. ಹಾಗಾಗಿ ಅಣ್ಣನ ಮಗಳ ಮದುವೆಗೆ ಬರುವ ಬೀಗರಿಗೆ ಒಳ್ಳೆ ಹೋಟೆಲ್ ನೋಡಬೇಕು ಎಂದು ನಾನು ಹೇಳಿದಾಗ ಅತ್ತಿಗೆ, "ಅಡುಗೆಯವರಿಗೆ ವೀಳ್ಯ ಕೊಟ್ಟಾಗಿದೆ, ಹೋಟ್ಲಿಂದ ಎಂಥಕ್ಕೆ ತರ್ಸದು?" ಎಂದರು. ಮಲಗೋ ಹೋಟೆಲು ಅತ್ತಿಗೆ, ಎಂದು ಬಿಡಿಸಿ ಹೇಳಬೇಕಾಯಿತು.

ಹುಡುಗನ ಕಡೆಯವರು ಮೈಸೂರಿನವರು, ಒಟ್ಟು 14 ಜನ. ಅದರಲ್ಲಿ ಮೂವರಿಗೆ ಎಪ್ಪತ್ತು ದಾಟಿದೆ, ಒಬ್ಬರಿಗೆ ಮಂಡಿನೋವು. ಒಂದು ಸಂಸಾರ ಅಮೆರಿಕದಿಂದ ಬರುವುದು. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾದ ಮೇಲೆ ಇಂಥ ನೆಂಟರೂ "ಬೆಂಗಳೂರಿಂದ ಹಾರಿ ಬಂದುಬಿಡ್ತೀವಿ" ಎನ್ನುತ್ತಾರೆ. ಹಾರಿ ಬಂದವರನ್ನು ಛತ್ರದ ಹಾಲಿನಲ್ಲಿ ಜಮಖಾನ ಹಾಸಿ ಮಲಗಿಸಲಾಗುವುದಿಲ್ಲ. ಮದುವೆ ಇರುವುದು ಶ್ರಾವಣದಲ್ಲಿ. ಆಷಾಢದಲ್ಲಿ ಲಗ್ನವಿಲ್ಲ, ರೂಮುಗಳೆಲ್ಲ ಖಾಲಿ, ದರವೂ ಇಳಿದಿರುತ್ತದೆ. ಮೂರು ಜಾಗದಲ್ಲಿ ಒಂದೊಂದು ರಾತ್ರಿ ನಾನೇ ಮಲಗಿ ನೋಡಿ ಬರುತ್ತೇನೆ ಎಂದೆ. ನಿವೃತ್ತನಾದವನಿಗೆ ಇಂಥ ಕೆಲಸ ಹಬ್ಬ. ಹೆಂಡತಿ ಎರಡಕ್ಕೆ ಜೊತೆ ಬಂದಳು. ಲಾಡ್ಜಿಗೆ ಮಾತ್ರ, "ಊರಲ್ಲಿ ಸ್ವಂತ ಮನೆ ಇಟ್ಕೊಂಡು ಇಬ್ಬರೂ ಹೋಗಿ ಲಾಡ್ಜಲ್ಲಿ ಮಲಗಿದ್ರೆ ನೋಡಿದವ್ರು ಎಂಥ ಅಂದ್ಕೊಳಲ್ಲ?" ಎಂದು ಹಿಂದೆ ಸರಿದಳು.

ಹೆಸರುಗಳನ್ನು ಬರೆಯುವುದಿಲ್ಲ. ಮದುವೆ ಮುಗಿದ ಮೇಲೂ ಇದೇ ಊರಲ್ಲಿ ಓಡಾಡಬೇಕಲ್ಲ.

ಮೊದಲ ರಾತ್ರಿ ಊರಾಚೆಯ ಹೊಸ ಗಾಜಿನ ಹೋಟೆಲು. ಅಂದು ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು, ಪರೀಕ್ಷೆಗೆ ಹೇಳಿ ಮಾಡಿಸಿದ ದಿನ. ಪೋರ್ಟಿಕೊ ಇಪ್ಪತ್ತು ಅಡಿಗೂ ಮೇಲೆ ಎದ್ದು ನಿಂತಿದೆ, ಫೋಟೊದಲ್ಲಿ ಅರಮನೆ. ಆದರೆ ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲ, ಓರೆಯಾಗಿ ಬರುತ್ತದೆ. ಅಷ್ಟೆತ್ತರದ ಚಾವಣಿ ಎರಚಲಿಗೆ ಏನು ತಡೆ? ಕಾರಿನಿಂದ ಇಳಿದು ಬಾಗಿಲು ಮುಟ್ಟುವ ಹತ್ತು ಹೆಜ್ಜೆಯಲ್ಲಿ ನನ್ನ ಪಂಚೆ ಮೊಣಕಾಲವರೆಗೆ ತೊಯ್ದಿತ್ತು. ಮಲೆನಾಡಿನ ಹಳೇ ಮನೆಗಳಲ್ಲಿ ಸೂರು ಯಾಕೆ ತಲೆ ತಾಗುವಷ್ಟು ತಗ್ಗು ಎಂದು ಚಿಕ್ಕವನಿದ್ದಾಗ ಹಣೆ ಬಡಿಸಿಕೊಂಡಾಗಲೆಲ್ಲ ಬೈದುಕೊಳ್ಳುತ್ತಿದ್ದೆ. ಉತ್ತರ ಈ ಪೋರ್ಟಿಕೊದ ಕೆಳಗೆ ಸಿಕ್ಕಿತು.

ಒಳಗೆ ಅಮೃತಶಿಲೆ, ತೂಗುದೀಪ, ಮಜ್ಜಿಗೆಹುಲ್ಲಿನ ಪರಿಮಳ. ಕೊಡೆಗೆ ಪ್ಲಾಸ್ಟಿಕ್ ಚೀಲ ತೊಡಿಸಲು ಒಬ್ಬ ಹುಡುಗ. ಹೊರಗೆ ಆಕಾಶವೇ ಹರಿದು ಬೀಳುತ್ತಿದ್ದರೂ ಒಳಗೆ ಒಂದಿಷ್ಟು ಸದ್ದಿಲ್ಲ, ಟಿವಿಯ ವಾಲ್ಯೂಮ್ ತೆಗೆದಹಾಗೆ. ಆಷಾಢದ ಚಳಿಗೆ ಎ.ಸಿ. ಬೇರೆ. ರಿಸೆಪ್ಶನ್‌ನ ಹುಡುಗಿ ಭದ್ರಾವತಿಯವಳು. "ವೆಲ್ಕಮ್ ಸರ್" ಮುಗಿದ ಮೇಲೆ "ಬನ್ನಿ ಅಂಕಲ್, ನೆಂದ್ಬಿಟ್ರಲ್ಲ" ಎಂದಳು. ಆ ಕಟ್ಟಡದಲ್ಲಿ ಶಿವಮೊಗ್ಗ ಕಂಡದ್ದು ಅಲ್ಲೊಂದೇ ಕಡೆ.

ರೂಮನ್ನು ಮಾತ್ರ ದೂರುವ ಹಾಗಿಲ್ಲ. ಬಾಗಿಲು ತೆಗೆದ ಕೂಡಲೇ ಪಕ್ಕದಲ್ಲಿ ಬಚ್ಚಲು, ಎದುರು ಬಟ್ಟೆಯ ಬೀರು, ಮುಂದೆ ಮಂಚ, ಕೊನೆಗೆ ಕಿಟಕಿ. ಜಗತ್ತಿನ ಎಷ್ಟೋ ಹೋಟೆಲುಗಳಲ್ಲಿ ಇದೇ ನಕ್ಷೆ. ಎಲ್ಸ್‌ವರ್ತ್ ಸ್ಟಾಟ್ಲರ್ ಎಂಬಾತ 1908ರಲ್ಲಿ ಅಮೆರಿಕದ ಬಫೆಲೊ ನಗರದಲ್ಲಿ ಒಂದೂವರೆ ಡಾಲರಿಗೆ ರೂಮೂ ಕೊಡುತ್ತೇನೆ, ಅದಕ್ಕೇ ಸೇರಿದ ಬಚ್ಚಲೂ ಕೊಡುತ್ತೇನೆ ಎಂದು ಜಾಹೀರಾತು ಮಾಡಿದ. ಎರಡು ರೂಮಿನ ಬಚ್ಚಲುಗಳನ್ನು ಬೆನ್ನಿಗೆ ಬೆನ್ನು ಕೂರಿಸಿ, ನಡುವಿನ ಒಂದೇ ಕೊಳವೆಗುಂಡಿಯಲ್ಲಿ ಎಲ್ಲ ಪೈಪು ಇಳಿಸಿದ್ದರಿಂದ ಅದು ಗಿಟ್ಟಿತು. ಅಲ್ಲಿಯವರೆಗೆ ದೊಡ್ಡ ಹೋಟೆಲುಗಳಲ್ಲೂ ಹಲವರು ಟವೆಲ್ ಹೆಗಲಿಗೆ ಹಾಕಿಕೊಂಡು ಮೊಗಸಾಲೆಯುದ್ದಕ್ಕೂ ನಡೆಯಬೇಕಿತ್ತು. ಮಂಡಿನೋವಿನ ಬೀಗಿತ್ತಿಗೆ ಮಂಚದಿಂದ ಆರೇ ಹೆಜ್ಜೆಗೆ ಕಮೋಡು ಸಿಗುವುದಕ್ಕೆ ಆ ಪುಣ್ಯಾತ್ಮನನ್ನು ನೆನೆಯಬೇಕು. ಲಿಫ್ಟಿದೆ, ಇಳಿಜಾರು ದಾರಿಯಿದೆ, ಯಾವ ಹೊತ್ತಿಗೂ ಬಿಸಿನೀರು. ಹಾಸಿಗೆಯಂತೂ ನನ್ನ ಹೆಂಡತಿ ಹೊತ್ತೇರಿದರೂ ಏಳದ ಹಾಗೆ ಮಾಡಿತು. ಕಿಟಕಿ ತೆಗೆಯಲು ಬರುವುದಿಲ್ಲ, ಅಷ್ಟೆ. ಗಾಜಿನ ಹೊರಮೈಗೆ ಆಗಲೇ ಹಸಿರು ಪಾಚಿ ಗೆರೆ ಎಳೆದಿತ್ತು. ಇನ್ನು ನಾಲ್ಕು ಮಳೆಗಾಲ ಕಳೆದರೆ ಕಟ್ಟಡವೂ ಮಲೆನಾಡಿನದ್ದಾಗಬಹುದು. ಬೆಳಿಗ್ಗೆ ಬಫೆ. ನೀರುದೋಸೆಯನ್ನು ಮಡಚಿ ಮುಚ್ಚಳದ ಪಾತ್ರೆಯಲ್ಲಿ ಅಟ್ಟಿ ಇಟ್ಟಿದ್ದರು. ಅದರ ಬಗ್ಗೆ ಮಾತಾಡುವುದು ಬೇಡ.

ಬೇರೆಡೆಯದನ್ನು ನಕಲು ಮಾಡಿದ್ದಾರೆ ಅಂತ ಮೂಗು ಮುರಿಯೋಣವೆಂದರೆ, ಬೀಗರ ಊರಿನ ಲಲಿತ ಮಹಲ್ಲೇ ಅಡ್ಡ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯರ ವಾಸ್ತವ್ಯಕ್ಕೆಂದು 1921ರಲ್ಲಿ ಕಟ್ಟಿಸಲು ತೊಡಗಿದ ಆ ಬಿಳಿ ಮಹಲಿನ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಮಾದರಿ. ನಕ್ಷೆ ಬರೆದವನು ಇ. ಡಬ್ಲ್ಯು. ಫ್ರಿಚ್ಲಿ. 1974ರಲ್ಲಿ ಅದು ಹೋಟೆಲಾಯಿತು. ಕೆಲವು ವರ್ಷದ ಹಿಂದೆ ಅಲ್ಲಿ ಊಟ ಮಾಡಿದ್ದೆ. ಒಂದು ಕಾಲದ ನೃತ್ಯಶಾಲೆಯೇ ಈಗ ಊಟದ ಮನೆ. ಮೇಲೆ ಬಣ್ಣದ ಗಾಜಿನ ಗುಮ್ಮಟ, ಕೆಳಗೆ ನಮ್ಮ ಅನ್ನ-ಸಾರು. ಅದೂ ನಕಲೇ. ಆದರೆ ಅಲ್ಲಿ ಎದುರಿಗೆ ಚಾಮುಂಡಿ ಬೆಟ್ಟವಿದೆ, ದಿಬ್ಬದ ಗಾಳಿಗೆ ಬಾಗಿಲು ತೆರೆದಿದೆ. ಮುಂಬಯಿಯ ತಾಜ್ 1903ರಲ್ಲಿ ಶುರುವಾದಾಗ ಎದುರಿಗೆ ಗೇಟ್‌ವೇ ಆಫ್ ಇಂಡಿಯಾ ಇರಲಿಲ್ಲ, ಅದು ಮುಗಿದದ್ದು 1924ರಲ್ಲಿ. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಹತ್ತು ಕೋಣೆಯ ಊಟ-ವಸತಿಯ ಮನೆಯಾಗಿ ಹುಟ್ಟಿದ್ದು. ಇವತ್ತು ಅಲ್ಲಿಗೆ ಹೋದರೆ ಕಟ್ಟಡಕ್ಕಿಂತ ಮೊದಲು ಮರಗಳೇ ಕಾಣುತ್ತವೆ. ಹೀಗಾಗಿ ನಮ್ಮ ಗಾಜಿನ ಹೋಟೆಲಿನ ಮೇಲೆ ಈಗಲೇ ಷರಾ ಬರೆಯುವುದು ಆತುರವಾದೀತು. ಸುತ್ತ ಈಗ ಖಾಲಿ ಸೈಟು, ಜಲ್ಲಿ ರಾಶಿ. ಒಂದೆರಡು ಮರ ನೆಟ್ಟಿದ್ದರೆ ನನ್ನ ತಕರಾರು ಅರ್ಧ ಇಳಿಯುತ್ತಿತ್ತು.

ಎರಡನೇ ರಾತ್ರಿ ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆ. ಹಿಂದೆ ದೊಡ್ಡ ಅಡಿಕೆ ಹಿಡುವಳಿದಾರರದ್ದು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಉಳಿದ ಗಂಡ-ಹೆಂಡತಿ ಹೋಂಸ್ಟೇ ಮಾಡಿದ್ದಾರೆ. ಈ ಮಾದರಿಯ ಮನೆ ನೋಡದವರು ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಗೆ ಹೋದರೆ ಗೊತ್ತಾಗುತ್ತದೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ನಾಲ್ಕು ಕಡೆಯಿಂದ ಒಳಮುಖವಾಗಿ ಇಳಿಯುವ ಮಾಡು, ಅದನ್ನು ಹೊತ್ತ ಕೆತ್ತನೆಯ ಮುಂಡಿಗೆಗಳು. ಹೆಬ್ಬಾಗಿಲಲ್ಲಿ ತಲೆ ತಗ್ಗಿಸಿದೆ, ಜಗುಲಿಯಲ್ಲಿ ಕೂತೆ, ಬೆಲ್ಲ-ನೀರು ಬಂತು. ಆಧಾರ್ ಕಾರ್ಡು ಕೇಳಿದ್ದು ಕಷಾಯ ಕುಡಿದ ಮೇಲೆ.

ಮಳೆ ಜೋರಾಯಿತು ನೋಡಿ. ನಾಲ್ಕೂ ಮಾಡಿನ ನೀರು ದಬ್ಬೆಯಿಂದ ತೊಟ್ಟಿಗೆ ಧುಮುಕುತ್ತಿತ್ತು, ಎದುರು ಕೂತವರ ಮಾತು ಕೇಳುವುದಿಲ್ಲ. ನಾನೂ ಅವಳೂ ಒಂದು ಗಂಟೆ ಮಾತಿಲ್ಲದೆ ಕೂತಿದ್ದೆವು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಜಗಳವಿಲ್ಲದೆ ಹಾಗೆ ಕೂತದ್ದು ಅದೇ ಮೊದಲಿರಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಸೀಮೆ ಇದು. ಅಂಥ ಮಳೆಯನ್ನು ಹೊರಗಿಡುವ ಬದಲು ಮನೆಯ ನಡುವಿಗೇ ಕರೆದು, ಒಂದು ಕಲ್ಲಿನ ತೂತಿನಿಂದ ತೋಟದ ಕಡೆ ದಾಟಿಸುತ್ತಾರೆ. ಹೆಂಚಿನಲ್ಲಿ ಮಂಗಳೂರಿನ ಕಾರ್ಖಾನೆಯ ಮುದ್ರೆಯಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚು ಸುಡಲು ತೊಡಗಿದ ಮೇಲೆ ಅದು ಘಟ್ಟ ಹತ್ತಿ ಬಂತು. ಅದಕ್ಕೂ ಮುಂಚೆ ಅಡಿಕೆ ಸೋಗೆ, ಇಲ್ಲವೇ ನಾಡಹೆಂಚು.

ರಾತ್ರಿ ಕಳಲೆ ಪಲ್ಯ, ಕೆಸುವಿನ ಪತ್ರೊಡೆ, ಒಂದೆಲಗದ ತಂಬುಳಿ. ಬೆಳಿಗ್ಗೆ ಹಂಡೆಯ ನೀರು, ಹೊಗೆ ವಾಸನೆಯ ಸ್ನಾನ. ನಾಲ್ಕು ತಂಬಿಗೆ ಮೈಮೇಲೆ ಬಿದ್ದ ಮೇಲೆ ಸ್ಟಾಟ್ಲರ್ ಮರೆತೇ ಹೋದ.

ಆದರೂ ಬೀಗರ ಲೆಕ್ಕ ಹಾಕಬೇಕಲ್ಲ. ಹಾಸಿಗೆಗೆ ಮುಗ್ಗಲು ವಾಸನೆ. ಆಷಾಢದಲ್ಲಿ ದೇವರ ಕೋಣೆಯ ಹತ್ತಿಯೂ ಒದ್ದೆ, ಅವರನ್ನು ಬೈದು ಪ್ರಯೋಜನವಿಲ್ಲ. ಕೊಟ್ಟಿಗೆಯ ಜಾಗದಲ್ಲಿ ಹೊಸದಾಗಿ ಬಚ್ಚಲು ಕಟ್ಟಿಸಿದ್ದಾರೆ; ಉಪ್ಪರಿಗೆಯ ಕೋಣೆಯಿಂದ ಕಡಿದಾದ ಮರದ ಮೆಟ್ಟಿಲಿಳಿದು, ತೊಟ್ಟಿ ಬಳಸಿ ಹೋಗಬೇಕು, ರಾತ್ರಿ ಎರಡಕ್ಕೆ, ಕರೆಂಟಿಲ್ಲದೆ, ಹೊಸ್ತಿಲ ಮೇಲೆ ಕಪ್ಪೆ. ಅಂಗಳ ದಾಟಿ ತೋಟ ನೋಡಿ ಬಂದ ಹೆಂಡತಿಯ ಕಾಲಿಗೆ ಮೂರು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಅಮೆರಿಕದ ಮಗುವಿಗೆ ಒಂದು ಉಂಬಳ ಹತ್ತಿದರೆ ಈ ಸಂಬಂಧವೇ ಮುರಿದೀತು ಎಂದು ಅವಳ ತೀರ್ಪು. ಅದೂ ಅಲ್ಲದೆ ಮುಹೂರ್ತದ ಬೆಳಿಗ್ಗೆ ಅಲ್ಲಿಂದ ಛತ್ರಕ್ಕೆ ಒಂದೂವರೆ ಗಂಟೆ ದಾರಿ, ನಡುವೆ ಮರ ಬಿದ್ದರೆ ಹುಡುಗನ ಸೋದರಮಾವ ಅಲ್ಲೇ.

ಮೂರನೆಯದು ಪೇಟೆ ನಡುವಿನ ಹಳೇ ಲಾಡ್ಜು. ಒಬ್ಬನೇ ಹೋದೆ. ನಿಜ ಹೇಳಬೇಕೆಂದರೆ ಹೆಚ್ಚು ನಿರೀಕ್ಷೆಯೇ ಇರಲಿಲ್ಲ. ಪಟ್ಟಿ ತುಂಬಲೆಂದು ಸೇರಿಸಿದ್ದು.

ಕಿರಿದಾದ ಬಾಗಿಲು, ಎರಡೂ ಕಡೆ ಅಂಗಡಿ. ಒಳಗೆ ಹೋದರೆ ಸದ್ದು ತಟ್ಟನೆ ನಿಂತಿತು, ಎದುರಿಗೆ ಅಂಗಳ! ಎರಡು ಅಂತಸ್ತು, ನಾಲ್ಕು ಕಡೆಗೂ ಮರದ ಕಟಾಂಜನದ ಮೊಗಸಾಲೆ, ರೂಮುಗಳ ಬಾಗಿಲೆಲ್ಲ ಅಂಗಳದ ಕಡೆಗೆ. ಮೇಲೆ ಈಗ ಪಾರದರ್ಶಕ ಶೀಟು ಹೊದಿಸಿದ್ದಾರೆ. ಕೆಳಗೆ ಒಂದು ತುಳಸಿಕಟ್ಟೆ, ಎರಡು ಸ್ಕೂಟರು. ಹಳ್ಳಿಯ ತೊಟ್ಟಿಮನೆಯನ್ನು ಎತ್ತಿ ತಂದು ಎರಡು ಅಂಗಡಿಯ ನಡುವೆ ತುರುಕಿದಹಾಗಿದೆ. ಕಟ್ಟಿಸಿದವರು ಬೇರೆ ಯಾವುದನ್ನೂ ನೋಡಿರಲಿಕ್ಕಿಲ್ಲ, ಮನೆ ಅಂದರೆ ಹೀಗೇ ಎಂದು ಕಟ್ಟಿಸಿದ್ದಾರೆ.

ತಮಾಷೆ ಏನೆಂದರೆ, ಜಾನ್ ಪೋರ್ಟ್‌ಮನ್ ಎಂಬ ವಾಸ್ತುಶಿಲ್ಪಿ 1967ರಲ್ಲಿ ಅಟ್ಲಾಂಟಾದ ಹಯಾಟ್ ರೀಜೆನ್ಸಿಯಲ್ಲಿ ಮಾಡಿದ್ದೂ ಇದನ್ನೇ. 22 ಅಂತಸ್ತಿನ ಹೊಟ್ಟೆ ಟೊಳ್ಳು ಮಾಡಿ, ಸುತ್ತ ಮೊಗಸಾಲೆ, ಬಾಗಿಲುಗಳೆಲ್ಲ ಒಳಕ್ಕೆ, ನಡುವೆ ಗಾಜಿನ ಲಿಫ್ಟು. ಆಮೇಲೆ ಐಷಾರಾಮಿ ಹೋಟೆಲುಗಳಿಗೆಲ್ಲ ಅದೇ ಗೀಳು ಹಿಡಿಯಿತು. ನಮ್ಮ ಗಾಜಿನ ಹೋಟೆಲಿನ ಮೂರಂತಸ್ತಿನ ಲಾಬಿಯೂ ಅದೇ ವಂಶದ್ದೇ. ಅಂದರೆ ಲಾಡ್ಜಿನ ಅಂಗಳ ತೀರ್ಥಹಳ್ಳಿಯಿಂದ ಬಂತು, ಹೋಟೆಲಿನ ಅಂಗಳ ಅಟ್ಲಾಂಟಾ ಸುತ್ತಿಕೊಂಡು ಬಂತು.

ಮ್ಯಾನೇಜರರ ಮುಂದೆ ದಪ್ಪ ಲೆಡ್ಜರು, ಹಿತ್ತಾಳೆ ಬಿಲ್ಲೆ ಕಟ್ಟಿದ ಬೀಗದಕೈ. ಒಂದು ಕಾಲಕ್ಕೆ ಅಡಿಕೆ ಮೂಟೆ ತಂದ ಬೆಳೆಗಾರರು ಮಂಡಿಯಲ್ಲಿ ದರ ಏರಲಿ ಎಂದು ಇಲ್ಲಿ ನಾಲ್ಕಾರು ದಿನ ಕಾಯುತ್ತಿದ್ದರಂತೆ. ಕೋರ್ಟು ಕಟ್ಲೆಯವರು, ಆಸ್ಪತ್ರೆಗೆ ಬಂದವರು, ನಾಟಕ ಕಂಪನಿಯವರು, ಎಲ್ಲರೂ ಇದೇ ಮೊಗಸಾಲೆಯಲ್ಲಿ ಬೀಡಿ ಸೇದಿದವರು. ಇಲ್ಲಿಂದ ಕೋಟೆ ರಸ್ತೆ ಹತ್ತಿರ. ಸಂಜೆ ಶಿವಪ್ಪನಾಯಕನ ಅರಮನೆಯ ಕಡೆ ನಡೆದೆ. ಹೆಸರು ಶಿವಪ್ಪನಾಯಕನದು, ಕಟ್ಟಿದ್ದು ಹೈದರಾಲಿಯ ಕಾಲದಲ್ಲಿ, 18ನೇ ಶತಮಾನದಲ್ಲಿ ಎನ್ನುತ್ತಾರೆ. ದಪ್ಪ ಮರದ ಕಂಬ, ಎತ್ತರದ ದರ್ಬಾರು ಹಾಲು. ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಮೈಸೂರಿನವರಿಗೆ ಮಲಗಲು ಅರಮನೆಯಿದೆ, ನಮ್ಮದರಲ್ಲಿ ವೀರಗಲ್ಲುಗಳು ಮಲಗಿವೆ.

ಲಾಡ್ಜಿನ ರೂಮು ಸಣ್ಣದು. ಕೆಂಪು ಗಾರೆ ನೆಲ ಕಾಲಿಗೆ ತಂಪು, ಕಬ್ಬಿಣದ ಸರಳಿನ ಕಿಟಕಿ, ಒಂದು ಕನ್ನಡಿ, ಸುಣ್ಣದ ಗೋಡೆಯಲ್ಲಿ ಗೂಡು. ಬಿಸಿನೀರು ಆರರಿಂದ ಎಂಟು, ಬಕೆಟಿನಲ್ಲಿ. ಹಾಸಿಗೆ ಹಲಗೆಯಂತೆ, ಸೊಳ್ಳೆ ಬೇಕಾದಷ್ಟು, ಲಿಫ್ಟಿನ ಮಾತೇ ಇಲ್ಲ. ದರ ಗಾಜಿನ ಹೋಟೆಲಿನ ಏಳನೇ ಒಂದು ಭಾಗ. ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಯಾರೋ ಪೊರಕೆ ಆಡಿಸುವ ಸದ್ದು, ಆಮೇಲೆ ಬಸ್ಸಿನ ಹಾರ್ನು, ಆಮೇಲೆ ಎದುರಿನ ಹೋಟ್ಲಿಂದ ಹುಡುಗ ತಂದ ಫ್ಲಾಸ್ಕಿನ ಕಾಫಿ. ಮೊಗಸಾಲೆಯಲ್ಲಿ ನಿಂತು ಕುಡಿದೆ. ಪಕ್ಕದ ರೂಮಿನ ಸಾಗರದವರೊಬ್ಬರು ಪೇಪರಿನ ಅರ್ಧ ಹಾಳೆ ನನಗೆ ಕೊಟ್ಟು, "ರಾಶಿ ಅಡಿಕೆ ರೇಟು ನೋಡಿದ್ರಾ?" ಎಂದರು. ಗಾಜಿನ ಹೋಟೆಲಿನಲ್ಲಿ ಒಂದು ರಾತ್ರಿಯಿಡೀ ಪಕ್ಕದ ರೂಮಿನಲ್ಲಿ ಮನುಷ್ಯರಿದ್ದಾರೋ ಇಲ್ಲವೋ ತಿಳಿದಿರಲಿಲ್ಲ.

ನನಗೆ ಯಾವುದು ಬೇಕು ಎಂದು ಕೇಳಿದರೆ ಮಳೆಗಾಲದಲ್ಲಿ ತೊಟ್ಟಿಮನೆ, ಮಿಕ್ಕ ದಿನ ಈ ಲಾಡ್ಜು. ಆದರೆ ಮದುವೆ ನನ್ನದಲ್ಲ. ಬೀಗರಲ್ಲಿ 14 ಜನಕ್ಕೂ ಗಾಜಿನ ಹೋಟೆಲೇ ಎಂದು ತೀರ್ಮಾನಿಸಿ ಏಳು ರೂಮು ಹಿಡಿದೆ, ಕಾರು ಬಾಗಿಲಿಗೇ ಒತ್ತಿ ನಿಲ್ಲಿಸಲು ಡ್ರೈವರಿಗೆ ಹೇಳಬೇಕು. ಮದುವೆ ಮುಗಿದ ಮೇಲೆ ಹುಡುಗ-ಹುಡುಗಿಗೆ ಎರಡು ದಿನ ತೊಟ್ಟಿಮನೆ, ಉಪ್ಪಿನ ಪುಡಿಯ ಪೊಟ್ಟಣದ ಸಮೇತ. ನಮ್ಮ ಕಡೆಯ ನೆಂಟರಿಗೆ ಲಾಡ್ಜಿನ ಮೇಲಿನ ಅಂತಸ್ತು ಪೂರ್ತಿ.

ಬುಕ್ ಮಾಡುವಾಗ ಗಾಜಿನ ಹೋಟೆಲಿನವರು ಜಿ.ಎಸ್.ಟಿ. ನಂಬರ್ ಕೇಳಿದರು. ತೊಟ್ಟಿಮನೆಯಮ್ಮ, "ಹುಡುಗಿಗೆ ಪತ್ರೊಡೆ ಸೇರ್ತದಾ?" ಎಂದರು. ಲಾಡ್ಜಿನ ಮ್ಯಾನೇಜರರು ಲೆಡ್ಜರಿನಲ್ಲಿ ಮದುವೆ ಪಾರ್ಟಿ ಎಂದು ಬರೆದು, ಕನ್ನಡಕದ ಮೇಲಿಂದ ನೋಡಿ, "ಮುಹೂರ್ತ ಎಷ್ಟೊತ್ತಿಗೆ ಮಾರಾಯ್ರೆ? ಬಿಸಿನೀರು ಅವತ್ತು ಮೂರೂವರೆಗೇ ಬಿಡಿಸ್ತೀನಿ" ಎಂದರು.