ಆಟೋ ರಿನ್ಯೂವಲ್ ಹೆಸರಲ್ಲಿ ನಮಗೆ ಆದ ಮೋಸ: ಸಹಿ ಹಾಕುವ ಮುಂಚೆ ಓದಿ

ಎರಡು ವಾರದಿಂದ ಹೊಟ್ಟೆ ಉರಿಯುತ್ತಿದೆ. ಹೇಳಿಕೊಳ್ಳಲು ನಾಚಿಕೆಯೂ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ನನ್ನ ಹಾಗೆ ಇನ್ನೊಬ್ಬರು ಸಿಕ್ಕಿಹಾಕಿಕೊಳ್ಳಬಾರದು.

ನಮ್ಮದು 12 ಜನರ ಚಿಕ್ಕ ಕಂಪನಿ. ಗ್ರಾಹಕರ ವಿವರ, ಬಿಲ್ಲು, ಫಾಲೋಅಪ್ ಎಲ್ಲ ಒಂದೇ ಕಡೆ ಇರಲಿ ಅಂತ ಒಂದು ಆನ್‌ಲೈನ್ ಸಾಫ್ಟ್‌ವೇರ್‌ಗೆ ವರ್ಷದ ಸಬ್‌ಸ್ಕ್ರಿಪ್ಷನ್ ತೆಗೆದುಕೊಂಡೆವು. ಡೆಮೊ ದಿನ ನಾನು ಮೂರು ಸಲ ಕೇಳಿದೆ, "ಬೇಡ ಅನಿಸಿದರೆ ಬಿಡಬಹುದಾ?" ಅಂತ. ಮೂರು ಸಲವೂ ಒಂದೇ ಉತ್ತರ. "ಖಂಡಿತ ಸರ್, ಯಾವಾಗ ಬೇಕಾದರೂ. ನಿಮ್ಮ ಡೇಟಾ ನಿಮ್ಮದೇ." ಇದೆಲ್ಲ ಕಾಲ್‌ನಲ್ಲಿ ಹೇಳಿದ್ದು. ಒಂದು ಅಕ್ಷರವೂ ಮೇಲ್‌ನಲ್ಲಿ ಇಲ್ಲ.

ಆರ್ಡರ್ ಫಾರ್ಮ್ ಒಂದೇ ಪುಟ. ಕೆಳಗೆ ಸಣ್ಣ ಅಕ್ಷರದಲ್ಲಿ "ನಮ್ಮ ಸೇವಾ ಷರತ್ತುಗಳು ಅನ್ವಯಿಸುತ್ತವೆ" ಅಂತ ಒಂದು ಲಿಂಕ್. ಆ ಲಿಂಕ್ ತೆರೆಯಲಿಲ್ಲ. ಅಲ್ಲೇ ಎಡವಿದ್ದು.

ವರ್ಷದ ಮಧ್ಯೆ ಇಬ್ಬರು ಕೆಲಸ ಬಿಟ್ಟರು. ಎರಡು ಸೀಟ್ (ಒಬ್ಬೊಬ್ಬರಿಗೆ ಒಂದೊಂದು ಲಾಗಿನ್) ಕಡಿಮೆ ಮಾಡಿ ಅಂದರೆ, ಸೇರಿಸಬಹುದು, ವರ್ಷ ಮುಗಿಯುವವರೆಗೆ ಕಡಿಮೆ ಮಾಡಲು ಆಗುವುದಿಲ್ಲವಂತೆ. ಡೆಮೊದಲ್ಲಿ ತೋರಿಸಿದ್ದ ರಿಪೋರ್ಟ್ ಎಲ್ಲಿ ಅಂದರೆ "ರೋಡ್‌ಮ್ಯಾಪ್‌ನಲ್ಲಿದೆ", ಅಂದರೆ ಮುಂದೆ ಯಾವಾಗಲೋ ಮಾಡುತ್ತಾರಂತೆ. ತಿಂಗಳ ಕೊನೆಯ ದಿನ, ಬಿಲ್ಲು ಕಳಿಸುವ ಹೊತ್ತಿನಲ್ಲಿ, ನಾಲ್ಕು ಗಂಟೆ ಸಾಫ್ಟ್‌ವೇರ್ ಬಂದ್. ಕೇಳಿದರೆ "ನಮ್ಮದು ವರ್ಷಕ್ಕೆ 99.9% ಅಪ್‌ಟೈಮ್, ಇದು ಅದರೊಳಗೇ ಇದೆ" ಅಂದರು. ಲೆಕ್ಕ ಹಾಕಿ ನೋಡಿದೆ. 99.9 ಅಂದರೂ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಬಂದ್ ಇರಬಹುದು! ಯಾವ ದಿನ ಬಂದ್ ಆಗುತ್ತದೆ ಅನ್ನುವುದು ನಮಗೆ ಮುಖ್ಯ, ಅಲ್ವಾ?

ಸಾಕು ಅನಿಸಿತು. ವರ್ಷ ಮುಗಿಯಲು ಇನ್ನೂ 40 ದಿನ ಇತ್ತು. ಮುಂದುವರಿಸುವುದಿಲ್ಲ ಅಂತ ಮೇಲ್ ಹಾಕಿದೆ. ಬಂದ ಉತ್ತರ ಇದು: "ರದ್ದತಿಗೆ 60 ದಿನ ಮೊದಲೇ ನೋಟಿಸ್ ಕೊಡಬೇಕಿತ್ತು. ನಿಮ್ಮ ಪ್ಲಾನ್ ಮುಂದಿನ 12 ತಿಂಗಳಿಗೆ ರಿನ್ಯೂ ಆಗಿದೆ."

ಎರಡು ಸಲ ಓದಿದೆ. ಇನ್ನೂ 40 ದಿನ ಬಾಕಿ ಇದೆ, ಆದರೆ ಆಗಲೇ ಇನ್ನೊಂದು ವರ್ಷಕ್ಕೆ ನಾವು ಕಟ್ಟುಬಿದ್ದಿದ್ದೇವೆ! ವೆಬಿನಾರ್‌ಗೆ ಬನ್ನಿ, ಹೊಸ ಫೀಚರ್ ನೋಡಿ ಅಂತ ವಾರ ವಾರ ಮೇಲ್ ಕಳಿಸುತ್ತಿದ್ದವರು ಇದಕ್ಕೆ ಒಂದು ಸಾಲು ನೆನಪಿಸಬಾರದಿತ್ತಾ? ಕೇಳಿಯೇ ಬಿಟ್ಟೆ. "ದಿನಾಂಕ ನೋಡಿಕೊಳ್ಳುವುದು ಗ್ರಾಹಕರ ಜವಾಬ್ದಾರಿ." ಮೊದಲ ವರ್ಷದ ಡಿಸ್ಕೌಂಟ್ ಕೂಡ ಈಗ ಇಲ್ಲ. ಡೆಮೊ ಕೊಟ್ಟವರಿಗೆ ಫೋನ್ ಮಾಡಿದೆ. "ಈಗ ನಿಮ್ಮ ಅಕೌಂಟ್ ನನ್ನ ಹತ್ತಿರ ಇಲ್ಲ ಸರ್, ಟಿಕೆಟ್ ಹಾಕಿ." ಅಂದರೆ ಸಪೋರ್ಟ್‌ಗೆ ದೂರು ಬರೆದು ಹಾಕಿ ಅಂತ. ಅಷ್ಟೇ.

ಡೇಟಾ ಕಥೆ ಇನ್ನೂ ಕೆಟ್ಟದ್ದು. ಎಕ್ಸ್‌ಪೋರ್ಟ್ ಬಟನ್ ಒತ್ತಿದರೆ ಹೆಸರು, ಫೋನ್, ಇಮೇಲ್ ಮಾತ್ರ ಬರುತ್ತದೆ. ಒಂದು ವರ್ಷ ಕೂತು ಬರೆದ ನೋಟ್ಸ್ ಇಲ್ಲ, ಲಗತ್ತಿಸಿದ ಫೈಲ್ ಇಲ್ಲ. ಅವು ಬೇಕಿದ್ದರೆ ಎಪಿಐ (ಬೇರೆ ಪ್ರೋಗ್ರಾಂ ಮೂಲಕ ನೇರವಾಗಿ ಡೇಟಾ ತೆಗೆಯುವ ದಾರಿ) ಬೇಕು, ಎಪಿಐ ಮೇಲಿನ ಪ್ಲಾನ್‌ನಲ್ಲಿ ಮಾತ್ರ ಇದೆಯಂತೆ. ಅಂದರೆ ನಮ್ಮದೇ ಮಾಹಿತಿ ಹೊರಗೆ ತರಲು ಇನ್ನೂ ಜಾಸ್ತಿ ದುಡ್ಡು ಕೊಡಬೇಕು. ಅಕೌಂಟ್ ಮುಚ್ಚಿದ 30 ದಿನಕ್ಕೆ ಎಲ್ಲ ಅಳಿಸುತ್ತಾರೆ.

ಸಹಿ ಹಾಕುವ ಮುಂಚೆ "ಆಟೋ ರಿನ್ಯೂವಲ್ ಬೇಡ" ಅಂತ ಆರ್ಡರ್ ಫಾರ್ಮ್‌ನಲ್ಲೇ ಬರೆಸಿ. ಒಪ್ಪದಿದ್ದರೆ ನೋಟಿಸ್ ದಿನಾಂಕವನ್ನು ಅವತ್ತೇ ಕ್ಯಾಲೆಂಡರ್‌ಗೆ ಹಾಕಿ. ಟ್ರಯಲ್‌ನಲ್ಲಿ ಹತ್ತು ದಾಖಲೆ ಸೇರಿಸಿ, ವಾಪಸ್ ಹೊರಗೆ ತೆಗೆದು ನೋಡಿ. ಕಾಲ್‌ನಲ್ಲಿ ಏನೇ ಹೇಳಲಿ, ಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ. ಬರೆಯಲು ಹಿಂದೆಮುಂದೆ ನೋಡಿದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ.

ನಮ್ಮ ಆಫೀಸ್‌ನ ಹುಡುಗಿ ಈಗ ಒಂದು ಪರದೆಯಲ್ಲಿ ಆ ಸಾಫ್ಟ್‌ವೇರ್, ಇನ್ನೊಂದರಲ್ಲಿ ಎಕ್ಸೆಲ್ ಇಟ್ಟುಕೊಂಡು ಒಂದೊಂದೇ ಗ್ರಾಹಕರ ನೋಟ್ಸ್ ಕಾಪಿ ಮಾಡುತ್ತಿದ್ದಾಳೆ. ನಿನ್ನೆ ಸಂಜೆಗೆ 640 ಮುಗಿದಿತ್ತು. ಇನ್ನೂ 1,900 ಬಾಕಿ ಇದೆ.