ರಿಸೀವರ್ ಗ್ಲೌಸ್: ಕೊಳ್ಳುವ ಮೊದಲು ಡೆವಾಂಟಾ ಸ್ಮಿತ್‌ನ ಕಾಲೇಜಿನ ಕೊನೆಯ ಸೀಸನ್ ನೋಡಿ

ಮೊದಲೇ ಹೇಳಿಬಿಡುತ್ತೇನೆ. ಗ್ಲೌಸ್ ಚೆನ್ನಾಗಿವೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಅವು ಯಾವ ಕೆಲಸಕ್ಕೆ ಆಗುತ್ತವೆ, ಯಾವ ಕೆಲಸಕ್ಕೆ ಆಗುವುದಿಲ್ಲ ಅನ್ನುವುದನ್ನು ಪ್ಯಾಕೆಟ್ ಮೇಲೆ ಯಾರೂ ಬರೆದಿರುವುದಿಲ್ಲ. ಅಮೆರಿಕದಲ್ಲಿರುವ ಕನ್ನಡದವರ ಮನೆಗಳಲ್ಲಿ ಈಗ ಇಲ್ಲಿನ ಫುಟ್‌ಬಾಲ್ ಆಡುವ ಮಕ್ಕಳೂ ಇದ್ದಾರಲ್ವಾ, ಆ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ. ಈ ಕಡೆ ಶನಿವಾರ ಬಂತೆಂದರೆ ಕಾಲೇಜು ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲ. ಮಗ ಹೈಸ್ಕೂಲು ತಂಡದಲ್ಲಿ ರಿಸೀವರ್. ಅಂದರೆ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಾ ಹಿಡಿಯುವವನು. ಅವನಿಗೆ ಡೆವಾಂಟಾ ಸ್ಮಿತ್ ಅಂದರೆ ಪ್ರಾಣ. ಅಲಬಾಮಾ ವಿಶ್ವವಿದ್ಯಾಲಯದ ತಂಡದಲ್ಲಿ 6ನೇ ನಂಬರಿನ ಜೆರ್ಸಿ ಹಾಕಿ ಆಡಿದವನು. "ಅಮ್ಮಾ, ಸ್ಮಿತ್ ಹಾಕಿಕೊಳ್ಳುವಂಥ ಗ್ಲೌಸ್ ಬೇಕು" ಅಂತ ಇವನು ಕೇಳಿದಾಗ ನಾನು ಒಂದೇ ಮಾತು ಹೇಳಿದೆ: ಸರಿ, ಕೊಡಿಸೋಣ, ಅದಕ್ಕೂ ಮುಂಚೆ ಅವನ ಕೊನೆಯ ವರ್ಷದ ಆಟ ಇಬ್ಬರೂ ಕೂತು ನೋಡೋಣ.

ಆ ಕೊನೆಯ ವರ್ಷದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಗ್ಲೌಸ್ ಬಗ್ಗೆ ನನಗೆ ಏನಾದರೂ ತಿಳಿದಿದ್ದರೆ ಅದು ಅಲ್ಲಿಂದಲೇ ಬಂದದ್ದು.

2018ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಜಾರ್ಜಿಯಾ ವಿರುದ್ಧ ರಾಷ್ಟ್ರೀಯ ಚಾಂಪಿಯನ್‌ಷಿಪ್ ಫೈನಲ್ ನಡೆಯಿತು. ಮ್ಯಾಚು ಓವರ್‌ಟೈಮಿಗೆ ಹೋಗಿತ್ತು. ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವಾಯ್ಲೋವಾ ಎಸೆದ 41 ಯಾರ್ಡ್‌ನ ಚೆಂಡು ಹಿಡಿದು ಆಟ ಮುಗಿಸಿದವನು ಸ್ಮಿತ್. ಆಗ ಅವನಿಗೆ ಅದು ಕಾಲೇಜಿನ ಮೊದಲ ವರ್ಷ. ಇಡೀ ಸೀಸನ್‌ನಲ್ಲಿ ಅವನು ಹಿಡಿದದ್ದು 8 ಕ್ಯಾಚ್ ಅಷ್ಟೇ, ಅದರಲ್ಲಿ ಒಂದು ಇದು. ಮುಂದಿನ ಎರಡು ವರ್ಷ ಜೆರಿ ಜೂಡಿ, ಹೆನ್ರಿ ರಗ್ಸ್, ಜೇಲನ್ ವಾಡಲ್ ಎಂಬ ದೊಡ್ಡ ಹೆಸರುಗಳ ಜೊತೆ ಆಡಿದ. 2020ರಲ್ಲಿ ಜೂಡಿ, ರಗ್ಸ್ ಇಬ್ಬರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ ಹೋದರು. 2019ರಲ್ಲಿ 1,256 ಯಾರ್ಡ್ (ಚೆಂಡು ಹಿಡಿದು ತಂಡವನ್ನು ಮುಂದಕ್ಕೆ ಒಯ್ದ ದೂರ), 14 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಮಾಡಿದ್ದ ಸ್ಮಿತ್ ಕೂಡ ಹೋಗಬಹುದಿತ್ತು. ಹೋಗಲಿಲ್ಲ, ನಾಲ್ಕನೇ ವರ್ಷಕ್ಕೆ ಉಳಿದ.

ಉಳಿದದ್ದು ಎಂಥ ವರ್ಷಕ್ಕೆ ನೋಡಿ. ಕೋವಿಡ್ ಕಾಲ. ಅಲಬಾಮಾ ಆಡುವ ಎಸ್‌ಇಸಿ ಲೀಗ್‌ನಲ್ಲಿ ಆ ವರ್ಷ ಹೊರಗಿನ ಸಣ್ಣ ತಂಡಗಳ ಜೊತೆ ಮ್ಯಾಚೇ ಇರಲಿಲ್ಲ. ಹತ್ತಕ್ಕೆ ಹತ್ತೂ ಲೀಗ್ ಒಳಗಿನ ಬಲವಾದ ತಂಡಗಳ ಮೇಲೆ. ಬೇರೆ ವರ್ಷಗಳಲ್ಲಾದರೆ ಸುಲಭದ ಒಂದೆರಡು ಮ್ಯಾಚ್‌ಗಳಲ್ಲಿ ಅಂಕಿ ಏರಿಸಿಕೊಳ್ಳಬಹುದು, ಇವನಿಗೆ ಅದು ಸಿಗಲಿಲ್ಲ. ಮೇಲಿಂದ ಅಕ್ಟೋಬರ್ 24ರಂದು ಟೆನೆಸಿ ವಿರುದ್ಧ ಆಟ ಶುರುವಾದ ಮೊದಲ ಕಿಕ್‌ನಲ್ಲೇ ವಾಡಲ್‌ನ ಪಾದದ ಕೀಲು ಮುರಿಯಿತು. ಅಲ್ಲಿಂದ ಮುಂದೆ ಎದುರಾಳಿಗಳ ಕಣ್ಣೆಲ್ಲಾ ಸ್ಮಿತ್ ಮೇಲೆ. ಆದರೂ ಮುಂದಿನ ಮ್ಯಾಚ್‌ನಲ್ಲಿ ಮಿಸಿಸಿಪ್ಪಿ ಸ್ಟೇಟ್ ಮೇಲೆ 11 ಕ್ಯಾಚ್, 203 ಯಾರ್ಡ್, 4 ಟಚ್‌ಡೌನ್!

ದಾಖಲೆಗಳ ಲೆಕ್ಕ ನನಗೆ ತುಂಬಾ ಇಷ್ಟ, ಅದನ್ನೂ ಹೇಳುತ್ತೇನೆ. ಆ ನಾಲ್ಕು ಟಚ್‌ಡೌನ್‌ನಿಂದ ಕಾಲೇಜಿನಲ್ಲಿ ಅವನ ಒಟ್ಟು ಟಚ್‌ಡೌನ್ 31 ಆಯಿತು. ಎಸ್‌ಇಸಿ ದಾಖಲೆಯೂ 31ರಲ್ಲೇ ನಿಂತಿತ್ತು, ಅಲಬಾಮಾದ ಅಮಾರಿ ಕೂಪರ್ ಮತ್ತು ಫ್ಲಾರಿಡಾದ ಕ್ರಿಸ್ ಡೋರಿಂಗ್ ಇಬ್ಬರ ಹೆಸರಲ್ಲಿ. ನವೆಂಬರ್ 21ರಂದು ಕೆಂಟಕಿ ವಿರುದ್ಧ ಅದು ಮುರಿಯಿತು. ಡಿಸೆಂಬರ್‌ನಲ್ಲಿ ಎಸ್‌ಇಸಿ ಫೈನಲ್, ಎದುರು ಫ್ಲಾರಿಡಾ, 52–46ರ ಜಿದ್ದಾಜಿದ್ದಿ. ಅವತ್ತು ಸ್ಮಿತ್ ಹಿಡಿದದ್ದು 15 ಕ್ಯಾಚ್. ಅದೇ ಮ್ಯಾಚ್‌ನಲ್ಲಿ ಅಲಬಾಮಾ ಪರ ಕೂಪರ್ ಮಾಡಿದ್ದ ಒಟ್ಟು 3,463 ಯಾರ್ಡ್ ಹಿಂದೆ ಬಿತ್ತು. ಕೋವಿಡ್‌ನಿಂದಾಗಿ ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಸ್‌ಗೆ ಬಂದಿದ್ದ ರೋಸ್ ಬೌಲ್ ಎಂಬ ಸೆಮಿಫೈನಲ್‌ನಲ್ಲಿ ನೋಟ್ರ್ ಡೇಮ್ ಮೇಲೆ 130 ಯಾರ್ಡ್, 3 ಟಚ್‌ಡೌನ್. ಅಷ್ಟಾಗುವಾಗ ಕಾಲೇಜಿನಲ್ಲಿ ಅವನ ಒಟ್ಟು 3,750 ಯಾರ್ಡ್. ವ್ಯಾಂಡರ್‌ಬಿಲ್ಟ್‌ನ ಜೋರ್ಡನ್ ಮ್ಯಾಥ್ಯೂಸ್ ಮಾಡಿದ್ದ ಎಸ್‌ಇಸಿ ದಾಖಲೆ 3,759. ಬರೀ 9 ಯಾರ್ಡ್ ಬಾಕಿ, ಉಳಿದದ್ದು ಒಂದೇ ಮ್ಯಾಚ್!

ಆ ಒಂದು ಮ್ಯಾಚ್, ಅಂದರೆ ರಾಷ್ಟ್ರೀಯ ಫೈನಲ್, 2021ರ ಜನವರಿ 11ರಂದು ಮಯಾಮಿ ಗಾರ್ಡನ್ಸ್‌ನಲ್ಲಿ, ಒಹಾಯೋ ಸ್ಟೇಟ್ ಎದುರು. ಆರು ದಿನ ಮುಂಚೆ ಅವನಿಗೆ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಬಂದಿತ್ತು, ರಿಸೀವರ್ ಒಬ್ಬನಿಗೆ ಅದು ಸಿಕ್ಕಿದ್ದು 1991ರ ಡೆಸ್ಮಂಡ್ ಹೋವರ್ಡ್ ನಂತರ ಅದೇ ಮೊದಲು. ಫೈನಲ್‌ನಲ್ಲಿ 12 ಕ್ಯಾಚ್, 215 ಯಾರ್ಡ್, 3 ಟಚ್‌ಡೌನ್, ಟಚ್‌ಡೌನ್ ಮೂರೂ ಮೊದಲ ಅರ್ಧದಲ್ಲೇ. ಮ್ಯಾಥ್ಯೂಸ್‌ನ ಯಾರ್ಡ್ ದಾಖಲೆ ಹೋಯಿತು, ಅಲಬಾಮಾ ಪರ ಕೂಪರ್ ಹಿಡಿದಿದ್ದ 228 ಕ್ಯಾಚ್‌ಗಳ ದಾಖಲೆಯೂ ಹೋಯಿತು. ನಾಲ್ಕು ವರ್ಷಕ್ಕೆ ಒಟ್ಟು 235 ಕ್ಯಾಚ್, 3,965 ಯಾರ್ಡ್, 46 ಟಚ್‌ಡೌನ್. ಅದರಲ್ಲಿ ಅರ್ಧದಷ್ಟು, ಅಂದರೆ 117 ಕ್ಯಾಚ್ ಮತ್ತು 23 ಟಚ್‌ಡೌನ್, ಕೊನೆಯ 13 ಮ್ಯಾಚ್‌ಗಳಲ್ಲಿ ಬಂದದ್ದು. ದೇಶದ ಅತಿ ಮೇಲಿನ ದರ್ಜೆಯ ಕಾಲೇಜು ತಂಡಗಳ ದಾಖಲೆ ಇನ್ನೂ ದೊಡ್ಡದು, ವೆಸ್ಟರ್ನ್ ಮಿಶಿಗನ್‌ನ ಕೋರಿ ಡೇವಿಸ್ 2016ರಲ್ಲಿ ಕಾಲೇಜು ಮುಗಿಸಿದಾಗ 5,285 ಯಾರ್ಡ್ ಮಾಡಿದ್ದ. ಅದೇ ವರ್ಷ ಈಸ್ಟ್ ಕ್ಯಾರೊಲೈನಾದ ಜೇ ಜೋನ್ಸ್ ಒಟ್ಟು 399 ಕ್ಯಾಚ್ ಮಾಡಿ ಹೊರಬಂದ. ಅವರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಎಸ್‌ಇಸಿ ಡಿಫೆನ್ಸ್‌ಗಳನ್ನು ವಾರ ವಾರ ನೋಡುವ ಊರಿನಲ್ಲಿದ್ದು ಹೇಳುತ್ತೇನೆ, ಸ್ಮಿತ್‌ನ ಆ 13 ಮ್ಯಾಚ್‌ಗೆ ಸಮ ನಾನು ಬೇರೆ ನೋಡಿಲ್ಲ.

ಈಗ ಗ್ಲೌಸ್ ವಿಷಯಕ್ಕೆ ಬರುತ್ತೇನೆ. ನಾವು ತಗೊಂಡದ್ದು ಮಧ್ಯಮ ದರ್ಜೆಯದು, ನಲವತ್ತು ಡಾಲರ್ ಆಸುಪಾಸು. ಅಂಗೈ ಕಡೆ ಸಿಲಿಕೋನ್ ಹಾಕಿರುತ್ತಾರೆ, ಮುಟ್ಟಿದರೆ ಅಂಟು ಅಂಟು ಅನಿಸುತ್ತದೆ, ಆದರೆ ಕೈಗೆ ಏನೂ ಹತ್ತುವುದಿಲ್ಲ. ಹಿಂಭಾಗ ತೆಳುವಾದ, ಹಿಗ್ಗುವ ಬಟ್ಟೆ. ಹೊಸದರಲ್ಲಿ ಹಿಡಿತ ನಿಜವಾಗಲೂ ಜೋರು. ಚೆಂಡನ್ನು ಅಂಗೈ ಕೆಳಗೆ ಮಾಡಿ ಹಿಡಿದರೂ ಕ್ಷಣಕಾಲ ನಿಲ್ಲುತ್ತದೆ. ಮಗ ಮನೆ ತುಂಬಾ ಅದನ್ನೇ ತೋರಿಸಿಕೊಂಡು ಓಡಾಡಿದ.

ಈ ಅಂಟು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂದರೆ ಬೆರಳ ತುದಿಯಲ್ಲಿ. ಚೆಂಡು ಅರ್ಧ ಇಂಚು ದೂರ ಹೋಯಿತು, ಅಂಗೈಗೆ ಸಿಗಲಿಲ್ಲ, ಬೆರಳಿಗಷ್ಟೇ ತಾಗಿತು ಅಂತ ಇಟ್ಟುಕೊಳ್ಳಿ. ಬರಿಗೈಯಾದರೆ ಜಾರಿ ಹೋಗುವ ಚೆಂಡು ಗ್ಲೌಸ್ ಇದ್ದರೆ ಒಂದು ಕ್ಷಣ ನಿಲ್ಲುತ್ತದೆ, ಆ ಕ್ಷಣದಲ್ಲಿ ಎದೆಗೆ ಎಳೆದುಕೊಳ್ಳಬಹುದು. 2020ರ ಡಿಸೆಂಬರ್ 5ರ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಮ್ಯಾಚ್ ಸಿಕ್ಕರೆ ನೋಡಿ. ಸ್ಮಿತ್ ಲೂಯಿಸಿಯಾನದ ಅಮೀಟ್ ಎಂಬ ಸಣ್ಣ ಊರಿನವನು. ಅವನ ಸ್ವಂತ ರಾಜ್ಯದಲ್ಲೇ ನಡೆದ ಆಟ. 231 ಯಾರ್ಡ್, 3 ಟಚ್‌ಡೌನ್, ಅದರಲ್ಲಿ ಒಂದು ಒಂದೇ ಕೈಯಲ್ಲಿ ಮೇಲಕ್ಕೆ ಹಾರಿ ಹಿಡಿದದ್ದು. ಅಂಥ ಕ್ಯಾಚ್‌ಗೆ ಗ್ಲೌಸ್ ಸಹಾಯ ಖಂಡಿತ ಬೇಕು.

ಆದರೆ ಉಳಿದವು? ಫೈನಲ್‌ನ 42 ಯಾರ್ಡ್ ಟಚ್‌ಡೌನ್ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಅವನ ಹಿಂದೆ ಓಡುತ್ತಿರುವವನು ಒಬ್ಬ ಲೈನ್‌ಬ್ಯಾಕರ್, ಅಂದರೆ ಸ್ಮಿತ್‌ಗಿಂತ ಎಷ್ಟೋ ಭಾರದವನು, ನಿಧಾನದವನು. ಆ ಪ್ಲೇ ಶುರುವಾಗುವ ಮುನ್ನ ಸ್ಮಿತ್‌ನನ್ನು ಆ ಕಡೆ ಈ ಕಡೆ ಓಡಾಡಿಸಿ ಅಂಥ ಜೋಡಿ ಸಿಗುವ ಹಾಗೆ ಮಾಡಿದ್ದು ಕೋಚ್ ಸ್ಟೀವ್ ಸಾರ್ಕೀಸಿಯನ್ ಅವರ ಜಾಣತನ. ಚೆಂಡು ಸರಿಯಾದ ಜಾಗಕ್ಕೆ ಹಾಕಿದ್ದು ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್. ಸ್ಮಿತ್ ಚೆಂಡು ಹಿಡಿಯುವಾಗ ಹತ್ತಿರ ಯಾರೂ ಇಲ್ಲ. ಬರಿಗೈಯಲ್ಲೂ ಹಿಡಿಯುತ್ತಿದ್ದ! ಅವನು ದಪ್ಪ ಆಳೂ ಅಲ್ಲ, ತಂಡದ ಪಟ್ಟಿಯಲ್ಲಿ ತೂಕ 175 ಪೌಂಡ್, ಸುಮಾರು 79 ಕಿಲೋ, ಆರಡಿ ಒಂದಂಗುಲದ ಸಣಕಲು ಹುಡುಗ. ಓಟದ ದಾರಿಯನ್ನು, ಅಂದರೆ ರೂಟ್ ಅನ್ನು, ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ತಿರುಗಬೇಕು ಅಂತ ಅಷ್ಟು ಚೊಕ್ಕವಾಗಿ ಓಡುತ್ತಾನೆ. ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನನ್ನ ಮಗ ಕೈಬಿಡುವ ಚೆಂಡುಗಳನ್ನು ಗಮನಿಸಿದೆ. ಹೆಚ್ಚಿನವು ಕೈ ಜಾರಿ ಬೀಳುವುದಿಲ್ಲ. ಚೆಂಡು ಕೈಗೆ ಬರುವ ಮೊದಲೇ ಇವನ ಕಣ್ಣು ಎದುರಿಂದ ಬರುವವನ ಕಡೆ ಹೋಗಿರುತ್ತದೆ, ಅದಕ್ಕೆ ಬೀಳುತ್ತವೆ. ಗ್ಲೌಸ್ ಹಾಕಿದ ಮೇಲೂ ಅವು ಬೀಳುತ್ತಲೇ ಇದ್ದವು. ಅದಕ್ಕೇ ಅವನ ಕೋಚ್ ಈಗ ಪ್ರಾಕ್ಟೀಸ್‌ನ ಮೊದಲ ಭಾಗ ಬರಿಗೈಯಲ್ಲೇ ಹಿಡಿಸುತ್ತಾರೆ. ನನಗೆ ಇದು ತುಂಬಾ ಸರಿ ಅನಿಸಿತು. ನಿಮ್ಮ ಮಕ್ಕಳಿಗೂ ಇದನ್ನೇ ಮಾಡಿಸಿ.

ಇನ್ನೊಂದು ವಿಷಯ. ಗ್ಲೌಸ್ ಹಾಕಿದರೆ ಬೆರಳಿಗೆ ಪೆಟ್ಟಾಗುವುದಿಲ್ಲ ಅಂದುಕೊಂಡು ಕೊಡಿಸುವವರಿದ್ದಾರೆ. ರಿಸೀವರ್ ಗ್ಲೌಸ್‌ನಲ್ಲಿ ಅಂಥ ರಕ್ಷಣೆ ಇರುವುದಿಲ್ಲ, ಬಟ್ಟೆ ತೀರಾ ತೆಳು. ಅದೇ ಫೈನಲ್‌ನ ಮೂರನೇ ಕ್ವಾರ್ಟರ್ ಶುರುವಿನಲ್ಲಿ ಸ್ಮಿತ್‌ನ ಬೆರಳಿಗೆ ಪೆಟ್ಟಾಗಿ ಅವನು ಹೊರಗೆ ಹೋದ, ಮತ್ತೆ ಆಡಲಿಲ್ಲ. 215 ಯಾರ್ಡ್ ಮಾಡಿದ್ದು ಅರ್ಧ ಆಟದಲ್ಲಿ ಅನ್ನುವುದು ಆಗ ಗೊತ್ತಾಗುತ್ತದೆ. ಬೆರಳಿಗೆ ಪ್ಯಾಡ್ ಇರುವ ಗ್ಲೌಸ್ ಬೇರೆ ಬರುತ್ತವೆ, ಲೈನ್‌ನಲ್ಲಿ ಆಡುವ ಭಾರಿ ಆಟಗಾರರಿಗೆ. ಅದರಲ್ಲಿ ಚೆಂಡು ಹಿಡಿಯುವುದು ಕಷ್ಟ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಬಾಳಿಕೆಗೆ. ಸೀಸನ್ ಅರ್ಧ ಆಗುವಷ್ಟರಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯೆ ಸಿಲಿಕೋನ್ ಸವೆದು ನುಣುಪಾಯಿತು. ಮಣ್ಣು, ಬೆವರು, ಹುಲ್ಲಿನ ಪುಡಿ ಕೂತರೆ ಅಂಟು ಹೋಗುತ್ತದೆ, ಆದರೆ ಅದು ಪೂರ್ತಿ ಹೋದದ್ದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತುಂಬಾ ಮಟ್ಟಿಗೆ ವಾಪಸ್ ಬರುತ್ತದೆ. ತಣ್ಣೀರು, ಸ್ವಲ್ಪ ಮೆದು ಸೋಪು, ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ. ಡ್ರೈಯರ್‌ಗೆ ಹಾಕಲೇಬೇಡಿ. ಬ್ಯಾಗಿನಲ್ಲಿ ಒದ್ದೆಯಾಗಿ ಬಿಟ್ಟರೆ ವಾಸನೆ ತಡೆಯಲಾಗುವುದಿಲ್ಲ, ಅಂಗೈಗಳೆರಡೂ ಒಂದಕ್ಕೊಂದು ಅಂಟಿ ಪದರ ಕಿತ್ತುಬರುತ್ತದೆ. ಮಳೆಯಲ್ಲಿ ಹಿಡಿತ ಅರ್ಧಕ್ಕರ್ಧ ಕಡಿಮೆ, ಟವೆಲ್ ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರತಿ ಪ್ಲೇ ಮಧ್ಯೆ ಒರೆಸಿಕೊಳ್ಳಬೇಕು.

ಅಂಟು ಹೋಯಿತು ಅಂತ ಆನ್‌ಲೈನ್‌ನಲ್ಲಿ ಸಿಗುವ ಸ್ಪ್ರೇ ಹಾಕಲು ಹೋಗಬೇಡಿ. ಕೈಗೆ, ಗ್ಲೌಸ್‌ಗೆ ಅಂಟು ಬಳಿದುಕೊಂಡು ಮ್ಯಾಚ್ ಆಡುವುದು ನಿಯಮಕ್ಕೆ ವಿರುದ್ಧ. ಹಿಂದೆ ಎನ್‌ಎಫ್‌ಎಲ್‌ನಲ್ಲಿ ಸ್ಟಿಕಮ್ ಅನ್ನುವ ಅಂಟನ್ನು ಕೈ ತೋಳಿಗೆಲ್ಲಾ ಬಳಿದುಕೊಳ್ಳುತ್ತಿದ್ದರು. ಓಕ್ಲೆಂಡ್ ರೈಡರ್ಸ್ ತಂಡದ ಫ್ರೆಡ್ ಬಿಲೆಟ್ನಿಕಾಫ್ ಅದಕ್ಕೇ ಹೆಸರುವಾಸಿ. 1981ರಲ್ಲಿ ಅದನ್ನು ನಿಷೇಧಿಸಿದರು. ಕಾಲೇಜಿನ ಅತ್ಯುತ್ತಮ ರಿಸೀವರ್‌ಗೆ ಕೊಡುವ ಪ್ರಶಸ್ತಿಗೆ ಅವರದೇ ಹೆಸರು, 2020ರಲ್ಲಿ ಅದು ಬಂದದ್ದು ಸ್ಮಿತ್‌ಗೆ. ಕೊಳ್ಳುವಾಗ ಮಣಿಕಟ್ಟಿನ ಹತ್ತಿರ ಆಟದ ಮಾನದಂಡಕ್ಕೆ ಸರಿಯಿದೆ ಎಂಬ ಗುರುತು ಇದೆಯಾ ನೋಡಿ. ಅದಿಲ್ಲದಿದ್ದರೆ ಅಂಪೈರ್ ಬಿಚ್ಚಿಸಬಹುದು.

ಅಳತೆ ಬಗ್ಗೆ ಒಂದು ಮಾತು. ಮಕ್ಕಳು ಬೆಳೆಯುತ್ತಾರೆ ಅಂತ ದೊಡ್ಡ ಸೈಜ್ ಕೊಡಿಸುವುದು ನಮ್ಮವರ ಅಭ್ಯಾಸ. ಶಾಲೆಯ ಯೂನಿಫಾರಂಗೆ ಅದು ಸರಿ, ಇದಕ್ಕೆ ಬೇಡ. ಬೆರಳ ತುದಿಯಲ್ಲಿ ಸ್ವಲ್ಪ ಜಾಗ ಖಾಲಿ ಇದ್ದರೂ ಬಟ್ಟೆ ಮಡಚಿಕೊಂಡು ಚೆಂಡು ತಿರುಗಿಹೋಗುತ್ತದೆ. ಚರ್ಮದ ಹಾಗೆ ಬಿಗಿಯಾಗಿ ಕೂರಬೇಕು, ಮುಷ್ಟಿ ಕಟ್ಟಿದರೆ ನೋಯಬಾರದು, ಅಷ್ಟೇ. ಯೂತ್ ಸೈಜಿನ ದೊಡ್ಡದಕ್ಕೂ ದೊಡ್ಡವರ ಸೈಜಿನ ಚಿಕ್ಕದಕ್ಕೂ ತುಂಬಾ ವ್ಯತ್ಯಾಸ ಇದೆ. ಹಾಗಾಗಿ ಮಗುವನ್ನು ಅಂಗಡಿಗೇ ಕರೆದುಕೊಂಡು ಹೋಗಿ, ಅಲ್ಲೇ ಇರುವ ಚೆಂಡು ಹಿಡಿಸಿ ನೋಡಿ. ತಂಡ ಆಡುವುದು ಚರ್ಮದ ಚೆಂಡಿನಲ್ಲಾದರೆ ಅದರಲ್ಲೇ ನೋಡಿ, ರಬ್ಬರಿನ ಚೆಂಡಿನಲ್ಲಿ ಎಲ್ಲಾ ಗ್ಲೌಸೂ ಚೆನ್ನಾಗಿಯೇ ಅಂಟುತ್ತವೆ.

ತೀರಾ ಕಡಿಮೆ ಬೆಲೆಯದು ಬೇಡ, ಅದರಲ್ಲಿ ಸಿಲಿಕೋನ್ ಹೆಸರಿಗೆ ಮಾತ್ರ. ತೀರಾ ದುಬಾರಿಯದೂ ಹೈಸ್ಕೂಲಿಗೆ ಬೇಡ, ಅದೂ ಇಷ್ಟೇ ಬೇಗ ಸವೆಯುತ್ತದೆ ಅಂತ ಇವನ ತಂಡದ ಬೇರೆ ಹುಡುಗರ ಮನೆಯವರೂ ಹೇಳುತ್ತಾರೆ. ಮಧ್ಯಮ ಬೆಲೆಯದನ್ನೇ ಎರಡು ಜೊತೆ ತಗೊಂಡು, ಹಳೆಯದನ್ನು ಪ್ರಾಕ್ಟೀಸ್‌ಗೆ, ಹೊಸದನ್ನು ಶುಕ್ರವಾರದ ಮ್ಯಾಚ್‌ಗೆ ಇಟ್ಟುಕೊಳ್ಳಿ. ನಾವು ಮುಂದಿನ ಸೀಸನ್‌ಗೂ ಇದನ್ನೇ ತಗೊಳ್ಳುತ್ತೇವೆ.